ಟಾರ್ಚಮ್ಮ ಹೊಡೆದುಹಾಕಿದ ಕೆಂಪು ಗುರುತು

ಮಂಗಳವಾರ ಬೆಳಿಗ್ಗೆ ಬಚ್ಚಲುಮನೆಯಲ್ಲಿ ಮಗುವಿನ ಬಟ್ಟೆ ಒಗೆಯುವ ಸೋಪು ಕಾಣಲಿಲ್ಲ. ಹಿಂದಿನ ದಿನವಷ್ಟೇ ಕಾಗದ ಬಿಚ್ಚಿ ಇಟ್ಟ ಇಡೀ ಸೋಪು. ಬೇರೆ ಯಾರಾದರೂ ಆಗಿದ್ದರೆ ಎಲ್ಲೋ ಜಾರಿಬಿದ್ದಿರಬೇಕು ಎಂದುಕೊಂಡು ಇನ್ನೊಂದನ್ನು ಬಿಚ್ಚುತ್ತಿದ್ದರು. ಗುಬ್ಬಿ ಮೊದಲು ಮಗುವಿನ ಬಾಯಿ ತೆರೆಸಿ ನೋಡಿದಳು.

ಗುಬ್ಬಿ ಎಂದು ಹೆಸರಿಟ್ಟದ್ದು ಅವಳ ಅಮ್ಮ. ಎಲೆ ಅಲುಗಿದರೆ ಎದೆ ಹಾರುವ ಜೀವ ಅದು, ಚಿಕ್ಕಂದಿನಿಂದಲೂ ಹಾಗೇ. ಮಗಳು ಹುಟ್ಟಿದ ಮೇಲಂತೂ ಕೇಳುವುದೇ ಬೇಡ. ಹದಿನಾಲ್ಕು ತಿಂಗಳ ಪುಟ್ಟಿ ನೆಲದ ಮೇಲೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅವಳು ಹಾಕಿಕೊಳ್ಳಬಹುದಾದದ್ದನ್ನೆಲ್ಲ ಗುಬ್ಬಿ ಮುಂಚೆಯೇ ಮನಸ್ಸಿಗೆ ಹಾಕಿಕೊಂಡು ನಡುಗುತ್ತಿದ್ದಳು.

"ಅತ್ತೆ, ಮಗು ಸೋಪು ತಿಂದಿರಬಹುದಾ?"

"ಇಡೀ ಸೋಪಾ? ನಿನ್ನ ಮಗಳಿಗೆ ಇರೋದೇ ಆರು ಹಲ್ಲು," ಎಂದರು ಅತ್ತೆ, ತೊಳೆಯುತ್ತಿದ್ದ ಪಾತ್ರೆಯಿಂದ ತಲೆ ಎತ್ತದೆ.

"ಆರು ಹಲ್ಲು ಸಾಕಲ್ವಾ ಅತ್ತೆ?"

"ತಿಂದಿದ್ರೆ ಅತ್ತಾಗ ಬಾಯಿಂದ ಗುಳ್ಳೆ ಬರ್ತಿತ್ತು. ಸುಮ್ನಿರಮ್ಮ, ಇಲಿ ಎಳ್ಕೊಂಡು ಹೋಗಿರುತ್ತೆ."

ಇಲಿ ಎಂಬ ಮಾತು ಕೇಳಿ ಗುಬ್ಬಿಗೆ ಎರಡು ಚಿಂತೆಗಳಾದವು. ಡಾಕ್ಟರಿಗೆ ಫೋನ್ ಮಾಡಿದಳು. ಈಗೀಗ ಆಕೆ ಗುಬ್ಬಿಯ 'ಹಲೋ' ಕೇಳಿದ ಕೂಡಲೇ "ಈ ಸಲ ಏನು ನುಂಗಿದ್ಳು?" ಎಂದೇ ಶುರು ಮಾಡುತ್ತಿದ್ದರು.

ಆ ಸೋಪು ಸುಲಭವಾಗಿ ಸಿಕ್ಕ ಸೋಪಲ್ಲ. ಪುಟ್ಟಿಯ ಕತ್ತಿನ ಸುತ್ತ ಕೆಂಪು ಗುಳ್ಳೆ ಎದ್ದಾಗ ಮೂರು ವಾರ ಅಂಗಡಿ ಅಂಗಡಿ ಸುತ್ತಿ, ಏಳು ಸೋಪು ಬದಲಾಯಿಸಿ, ಕೊನೆಗೆ ಒಪ್ಪಿದ ಎಂಟನೆಯದು. ಒಣಗಿದ ಕಿತ್ತಳೆ ಸಿಪ್ಪೆಯಂಥ ಸಣ್ಣ ವಾಸನೆ ಅದಕ್ಕೆ. ಕಣ್ಣು ಕಟ್ಟಿ ನಿಲ್ಲಿಸಿದರೂ ಗುಬ್ಬಿ ಅದನ್ನು ಗುರುತು ಹಿಡಿಯಬಲ್ಲಳು.

ಆದರೆ ಆ ವಾರ ಸೋಪಿನ ಚಿಂತೆ ಸಣ್ಣದು. ದೊಡ್ಡದು ಗುರುವಾರದ್ದು.

ಗುಬ್ಬಿಯ ಗಂಡ ಹನ್ನೆರಡು ವರ್ಷ ಬೇರೆಯವರ ಗ್ಯಾರೇಜಿನಲ್ಲಿ ಕಾರುಗಳ ಹೊಟ್ಟೆಯ ಕೆಳಗೆ ಮಲಗಿ ಕೆಲಸ ಮಾಡಿದವನು. ಈಗ ಸ್ವಂತದ್ದೊಂದು ಅಂಗಡಿ ಮಾಡಿದ್ದ: ತಗಡಿನ ಚಾವಣಿ, ತಂತಿ ಬೇಲಿ, ಐದು ಸೆಕೆಂಡ್ ಹ್ಯಾಂಡ್ ಕಾರು. ಭಾನುವಾರ ಬಾಗಿಲು ತೆರೆಯಬೇಕು. ಆದರೆ ಆ ಊರಿನಲ್ಲಿ ಹಳೆ ಕಾರು ಮಾರುವವರ ಸಂಘ ಕೊಡುವ ಹಸಿರು ಚೀಟಿ ಗಾಜಿನ ಮೇಲೆ ಇಲ್ಲದಿದ್ದರೆ ಗಿರಾಕಿ ಒಳಗೆ ಕಾಲಿಡುವುದಿಲ್ಲ. ಚೀಟಿ ಬೇಕಾದರೆ ಕಾರುಗಳು ಗುರುವಾರದ ಪರೀಕ್ಷೆಯಲ್ಲಿ ಪಾಸಾಗಬೇಕು. ಪರೀಕ್ಷೆ ಮಾಡುವವರು ಊರಿಗೆಲ್ಲ ಒಬ್ಬರೇ, ಟಾರ್ಚಮ್ಮ.

ಟಾರ್ಚಮ್ಮ ಗುಬ್ಬಿಯ ಹೆತ್ತ ತಾಯಿ.

"ನನ್ನ ಅಳಿಯನ ಅಂಗಡಿ, ಬೇರೆಯವರನ್ನ ಕಳಿಸಿ," ಎಂದು ಅವರೇ ಸಂಘದಲ್ಲಿ ಕೇಳಿಕೊಂಡಿದ್ದರು. ಸಂಘದವರು ನಕ್ಕುಬಿಟ್ಟರಂತೆ. "ನೀವು ಮಗಳ ಮುಖ ನೋಡಿ ಬರೆಯೋರಾ? ಹೋಗಿಬನ್ನಿ," ಎಂದರಂತೆ. ಆ ಮಾತು ಟಾರ್ಚಮ್ಮನ ತಲೆಯಲ್ಲಿ ಕೂತುಬಿಟ್ಟಿತ್ತು.

ಇಪ್ಪತ್ತೆರಡು ವರ್ಷ ಅವರು ಊರಿನ ದೊಡ್ಡ ಹಳೆ ಕಾರಿನ ಶೋರೂಮಿನಲ್ಲಿದ್ದರು. ಮುಂದೆ ಗಾಜು, ಹೂಕುಂಡ, ನಗುವ ಹುಡುಗಿಯರು. ಅವರಿದ್ದದ್ದು ಹಿಂದಿನ ಶೆಡ್ಡಿನಲ್ಲಿ. ಬಂದ ಕಾರಿನ ಒಳಗನ್ನು ಮಾರಾಟಕ್ಕೆ ಸಿದ್ಧ ಮಾಡುವ ಕೆಲಸ. ಬೆಳಿಗ್ಗೆ ಬಂದ ಎಂಟು ವರ್ಷದ ಕಾರು ಮಧ್ಯಾಹ್ನಕ್ಕೆ ನಾಲ್ಕು ವರ್ಷದ್ದಾಗಿ ಮುಂದೆ ಹೋಗುತ್ತಿತ್ತು. ಶಾಲೆ ಮುಗಿಸಿ ಗುಬ್ಬಿ ಆ ಶೆಡ್ಡಿಗೇ ಬರುತ್ತಿದ್ದಳು. ಮನೆಪಾಠ ಬರೆದದ್ದು ಯಾರದೋ ಕಾರಿನಿಂದ ಬಿಚ್ಚಿ ಹೊರಗಿಟ್ಟ ಸೀಟಿನ ಮೇಲೆ. ಅಮ್ಮ ಕೈಯಲ್ಲಿ ಬ್ರಷ್ ಆಡಿಸುತ್ತಲೇ ಅವಳಿಗೆ ಪಾಠ ಹೇಳುತ್ತಿದ್ದರು, ಪುಸ್ತಕದ್ದಲ್ಲ.

"ನೋಡು ಗುಬ್ಬಿ, ಟೈರಿಗೆ ಕಪ್ಪು ಬಳಿದ್ರೆ ಹೊಸದಾಗಲ್ಲ. ಕಾಡಿಗೆ ಹಚ್ಚಿದ ಮಾತ್ರಕ್ಕೆ ಕುರುಡಿಗೆ ಕಣ್ಣು ಬರುತ್ತಾ? ಇಂಜಿನ್ ಫಳಫಳ ತೊಳೆದಿದ್ರೆ ಎಣ್ಣೆ ಎಲ್ಲಿ ಸೋರ್ತಿತ್ತು ಅಂತ ಕೇಳು. ಪರಿಮಳ ಜಾಸ್ತಿ ಇದ್ರೆ ನಾತ ಎಲ್ಲಿದೆ ಹುಡುಕು. ಇಲ್ನೋಡು, ಮೀಟರಲ್ಲಿ ಓಡಿದ್ದು ಮೂವತ್ತೇ ಸಾವಿರ ಕಿಲೋಮೀಟರ್, ಬ್ರೇಕ್ ಪೆಡಲಿನ ರಬ್ಬರ್ ಮಾತ್ರ ಹೊಚ್ಚ ಹೊಸದು. ನಾನು ಮನೆ ಬಿಟ್ಟು ಹೊರಗೇ ಹೋಗಿಲ್ಲ ಅಂತ ಹೇಳ್ಕೊಂಡು ಹೊಸ ಚಪ್ಪಲಿ ಹಾಕ್ಕೊಂಡ ಹಾಗೆ."

ಎಲ್ಲಕ್ಕಿಂತ ದೊಡ್ಡ ಪಾಠ ಸೀಟ್ ಬೆಲ್ಟಿನದು. "ಬೆಲ್ಟ್ ಸುಳ್ಳು ಹೇಳಲ್ಲ ಕಣೇ. ತೊಳೆಯೋರು ಕಣ್ಣಿಗೆ ಕಾಣೋಷ್ಟು ಬೆಲ್ಟ್ ತೊಳೀತಾರೆ. ಒಳಗೆ ಸುತ್ಕೊಂಡಿರೋದನ್ನ ಯಾರೂ ಎಳೆಯಲ್ಲ. ಕೊನೇವರೆಗೂ ಎಳೆದು ನೋಡು. ಕಾರು ನೀರಲ್ಲಿ ಮುಳುಗಿದ್ರೆ ಅಲ್ಲಿ ಕೆಸರಿನ ಗೆರೆ ಇರುತ್ತೆ."

ಒಂದು ವರ್ಷ ಹೊಳೆ ಉಕ್ಕಿ ಹನ್ನೊಂದು ಮುಳುಗಿದ ಕಾರುಗಳು ಆ ಶೆಡ್ಡಿಗೆ ಬಂದವು. ಒಣಗಿ, ತೊಳೆಸಿಕೊಂಡು, ಪರಿಮಳ ಹೊಡೆಸಿಕೊಂಡು, ಗಾಜಿನ ಮುಂದೆ ಮದುವಣಗಿತ್ತಿಯರಂತೆ ಸಾಲಾಗಿ ನಿಂತವು. ಆಗ ಕೈಗೂಸಿನ ಜೊತೆ ಬಂದ ಗಂಡ ಹೆಂಡತಿ ದಾರಿ ತಪ್ಪಿ ಶೆಡ್ಡಿನ ಕಡೆ ಬಂದು, "ಅಮ್ಮಾ, ಆ ಬಿಳಿ ಕಾರು ಚೆನ್ನಾಗಿದ್ಯಾ?" ಎಂದು ಕೇಳಿದರು. ಅಮ್ಮ ಬಾಯಿ ಬಿಡಲಿಲ್ಲ. ಬ್ರಷ್ ಕೆಳಗಿಟ್ಟು, ಅವರ ಜೊತೆ ನಡೆದುಹೋಗಿ, ಬಿಳಿ ಕಾರಿನ ಬೆಲ್ಟನ್ನು ಕೊನೆಯವರೆಗೂ ಎಳೆದು ಅವರ ಕೈಗೆ ಕೊಟ್ಟರು.

ಮರುದಿನ ಕೆಲಸ ಹೋಯಿತು. ಅಮ್ಮ ಮನೆಗೆ ತಂದದ್ದು ಒಂದು ಟಾರ್ಚು ಮಾತ್ರ, "ಇದೊಂದೇ ನನ್ನದು ಇದ್ದಿದ್ದು ಅಲ್ಲಿ" ಎಂದುಕೊಂಡು. ಸುದ್ದಿ ಊರೆಲ್ಲ ಹಬ್ಬಿತು. ಗಿರಾಕಿಗಳ ಜೊತೆ ಜಗಳವಾಡಿ ಸುಸ್ತಾಗಿದ್ದ ಸಂಘದವರು ಕೆಲವೇ ತಿಂಗಳಲ್ಲಿ ಅವರನ್ನೇ ಹುಡುಕಿಕೊಂಡು ಬಂದರು. "ಕಳ್ಳನ ಜಾಡು ಕಳ್ಳನಿಗೇ ಗೊತ್ತು ಅಂತ ಕರೆದ್ರು" ಎಂದು ಅಮ್ಮ ಈಗಲೂ ನಗುತ್ತಾರೆ. ಹನ್ನೊಂದು ವರ್ಷವಾಯಿತು. ಕೈಯಲ್ಲಿ ಟಾರ್ಚು, ಕಂಕುಳಲ್ಲಿ ಪುಟಸಂಖ್ಯೆ ಹಾಕಿದ ದಪ್ಪ ಪುಸ್ತಕ, ಜೇಬಿನಲ್ಲಿ ಒಂದು ಹಸಿರು ಪೆನ್ನು, ಒಂದು ಕೆಂಪು. ಬರೆದದ್ದನ್ನು ಹೊಡೆದುಹಾಕಿದವರಲ್ಲ, ಒಮ್ಮೆಯೂ.

ಟಾರ್ಚು ಮಾತ್ರ ಎಲ್ಲಿ ಹೋದರೂ ಜೊತೆಗಿರುತ್ತಿತ್ತು. ಗುಬ್ಬಿಯ ಮದುವೆ ಮಾತುಕತೆಗೆ ಮೊದಲ ಸಲ ಬೀಗರ ಮನೆಗೆ ಹೋದಾಗ, ಮಾತಿನ ಮಧ್ಯೆ, ಅಭ್ಯಾಸಬಲದಿಂದ, ಸೋಫಾದ ಕೆಳಗೆ ಬೆಳಕು ಬಿಟ್ಟುಬಿಟ್ಟಿದ್ದರು. "ಬೀಗಿತ್ತಿ, ಬಾಚಣಿಗೆ ಕಳೆದುಹೋಗಿತ್ತಾ?" ಎಂದು ಧೂಳು ಮೆತ್ತಿದ ಬಾಚಣಿಗೆಯನ್ನು ಎತ್ತಿ ಟೀಪಾಯಿಯ ಮೇಲೆ ಇಟ್ಟಿದ್ದರು. ಮದುವೆ ಆಯಿತು, ಮಗು ಆಯಿತು, ಅತ್ತೆ ಆ ಬಾಚಣಿಗೆಯನ್ನು ಮರೆಯಲಿಲ್ಲ. ಅಂದಿನಿಂದ ಅವರ ಮನೆಯ ಸೋಫಾದ ಕೆಳಗೆ ಇರುವೆ ನಡೆದರೂ ಕಾಲು ಜಾರುತ್ತಿತ್ತು.

ಗುರುವಾರ ಟಾರ್ಚಮ್ಮ ಅಂಗಡಿಗೆ ಬಸ್ಸಿನಲ್ಲಿ ಬಂದಿಳಿದರು. ಕರೆತರುತ್ತೇನೆಂದು ಅಳಿಯ ಹೇಳಿದ್ದಕ್ಕೆ, "ಪರೀಕ್ಷೆ ಬರೆಯೋರ ಗಾಡೀಲಿ ಪರೀಕ್ಷಕರು ಬರಲ್ಲ ಅಳಿಯಂದ್ರೆ" ಎಂದುಬಿಟ್ಟಿದ್ದರು. ಅತ್ತೆ ಚಹಾ ಲೋಟ ಮುಂದೆ ಮಾಡಿದರು, ಟಾರ್ಚಮ್ಮ ಮುಟ್ಟಲಿಲ್ಲ. ಪುಟ್ಟಿ ಅಜ್ಜಿಯನ್ನು ಕಂಡು ಎರಡೂ ಕೈ ಚಾಚಿದಳು. ಟಾರ್ಚಮ್ಮ ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಕೆಲಸ ಮುಗೀಲಿ ಬಂಗಾರ."

"ಮಗು ಎತ್ಕೊಂಡ್ರೆ ಲಂಚ ಆಗುತ್ತೇನಮ್ಮಾ?" ಎಂದಳು ಗುಬ್ಬಿ, ಕೊಂಚ ಸಿಟ್ಟಿನಿಂದ.

"ಇದಕ್ಕಿಂತ ದೊಡ್ಡ ಲಂಚ ಯಾವುದಿದೆ?"

ಮೊದಲ ನಾಲ್ಕು ಕಾರು ಸಲೀಸಾಗಿ ಮುಗಿದವು. ಸೀಟಿನ ಕೆಳಗೆ ಟಾರ್ಚು, ಬಾಗಿಲ ಸಂದಿಯಲ್ಲಿ ಬೆರಳು, ಬೆಲ್ಟು ಸರ್ರನೆ ಕೊನೆಯವರೆಗೆ, ಡಿಕ್ಕಿ, ಸ್ಟೆಪ್ನಿ, ಹಸಿರು ಗುರುತು. ಒಂದರ ಬಂಪರಿನ ಗೀರನ್ನು ಅಳಿಯ ಬಣ್ಣ ಬಳಿದು ಮುಚ್ಚದೆ, 'ಇಲ್ಲಿ ಗೀರಿದೆ' ಎಂದು ಚೀಟಿ ಅಂಟಿಸಿದ್ದ. ಟಾರ್ಚಮ್ಮನ ತುಟಿಯ ತುದಿ ಒಂದು ಕೂದಲೆಳೆಯಷ್ಟು ಮೇಲೆದ್ದಿತು. ಅದನ್ನು ನೋಡಿದ್ದು ಗುಬ್ಬಿ ಒಬ್ಬಳೇ. ಎದೆ ಸ್ವಲ್ಪ ಹಗುರವಾಯಿತು.

ಐದನೆಯದು ನೀಲಿ ಕಾರು. ಐದರಲ್ಲಿ ಚೆಂದದ್ದು ಅದೇ. ಭಾನುವಾರ ಬಾಗಿಲಲ್ಲೇ ನಿಲ್ಲಿಸಬೇಕೆಂದು ಗಂಡ ಆಸೆಯಿಂದ ಇಟ್ಟುಕೊಂಡದ್ದು. ಟಾರ್ಚಮ್ಮ ಹಿಂದಿನ ಬಾಗಿಲು ತೆರೆದು ಮಂಡಿಯೂರಿದರು. ಹೊಸ ಮ್ಯಾಟ್ ಎತ್ತಿದರು. ಅದರಡಿಯ ನೆಲದ ಹಾಸಿನ ಮೇಲೆ ಅಂಗೈ ಒತ್ತಿದರು.

ಬೆರಳುಗಳ ನಡುವೆ ನೀರು ಜಿನುಗಿತು.

ಅವರು ಕೈ ಒರೆಸಿಕೊಂಡರು. ಟಾರ್ಚು ಆರಿಸಿದರು. ಎದ್ದು ನಿಂತು ಪುಸ್ತಕ ಬಿಡಿಸಿ, ಕೆಂಪು ಪೆನ್ನು ತೆಗೆದು, ಬರೆಯುತ್ತಲೇ ಓದಿದರು: "ಮುಳುಗಿದ ಕಾರು. ಹೊಸ ಮ್ಯಾಟ್ ಹಾಕಿ ಮುಚ್ಚಿಡಲಾಗಿದೆ."

"ಅತ್ತೆ!" ಗಂಡ ಮುಂದೆ ಬಂದ. "ಇದು ಸ್ಕೂಲ್ ಮೇಷ್ಟ್ರು ಒಬ್ಬರ ಕಾರು. ಆರು ವರ್ಷದಿಂದ ನಾನೇ ರಿಪೇರಿ ಮಾಡ್ತಿದ್ದೀನಿ. ಮಳೇಲಿ ಕೂಡ ನಿಂತಿದ್ದಲ್ಲ."

"ಎಲ್ಲರೂ ಹಾಗೇ ಹೇಳ್ತಾರೆ ಅಳಿಯಂದ್ರೆ."

"ನಾನು ಎಲ್ಲರಾ?"

"ಇವತ್ತು ಹೌದು."

ಮುಳುಗಿದ ಕಾರನ್ನು ಮುಚ್ಚಿಟ್ಟ ಅಂಗಡಿಗೆ ಒಂದು ವರ್ಷ ಚೀಟಿ ಇಲ್ಲ. ಅದು ಸಂಘದ ನಿಯಮ, ಬರೆಸಿದ್ದೇ ಟಾರ್ಚಮ್ಮ. ಅಮ್ಮ ಹೇಳಿದ್ದು ನಿಜವಾದರೆ ಗಂಡ ಸುಳ್ಳ. ಗಂಡ ಹೇಳಿದ್ದು ನಿಜವಾದರೆ ಅಮ್ಮ ತಪ್ಪು. ಇವೆರಡೂ ಗುಬ್ಬಿ ಹುಟ್ಟಿದಾಗಿನಿಂದ ಪಟ್ಟ ಸಾವಿರಾರು ಚಿಂತೆಗಳಲ್ಲಿ ಒಂದು ಸಲವೂ ಬಂದುಹೋಗಿರಲಿಲ್ಲ. ಇಷ್ಟೆಲ್ಲ ಚಿಂತಿಸಿಯೂ ಬೇಕಾದ ಚಿಂತೆಯೇ ಬಿಟ್ಟುಹೋಗಿತ್ತಲ್ಲ ಎಂದು ಅವಳಿಗೆ ತನ್ನ ಮೇಲೇ ಕೋಪ ಬಂತು. ಅತ್ತೆ ಬೇಲಿಯ ಹತ್ತಿರ ಚಹಾ ಲೋಟ ಹಿಡಿದು ಕಲ್ಲಾಗಿ ನಿಂತಿದ್ದರು.

ಕಂಕುಳಲ್ಲಿದ್ದ ಪುಟ್ಟಿಗೆ ಇದ್ಯಾವುದೂ ಬೇಕಿರಲಿಲ್ಲ. ತೆರೆದ ಬಾಗಿಲಿನೊಳಗೆ ನೇತಾಡುತ್ತಿದ್ದ ಬೆಲ್ಟಿನ ಬಕಲ್ ಫಳಫಳ ಹೊಳೆಯುತ್ತಿತ್ತು. ಅದನ್ನು ಬಾಯಿಗೆ ಹಾಕಿಕೊಳ್ಳಲೆಂದು ಮಗು ಇಡೀ ಮೈ ಮುಂದೆ ಬಗ್ಗಿಸಿತು. ಹಿಡಿಯಲು ಗುಬ್ಬಿಯೂ ಬಗ್ಗಿದಳು. ತಲೆ ಕಾರಿನೊಳಗೆ ಹೋಯಿತು.

ಕಿತ್ತಳೆ ಸಿಪ್ಪೆ.

ಗುಬ್ಬಿ ಇನ್ನೊಮ್ಮೆ ಉಸಿರೆಳೆದಳು. ಕೈಯಲ್ಲಿ ಬಕಲ್, ಮೂಗಿನಲ್ಲಿ ಪುಟ್ಟಿಯ ಅಂಗಿಯ ವಾಸನೆ. ಇದ್ದಕ್ಕಿದ್ದಂತೆ ಶೆಡ್ಡಿನ ಪಾಠ ನೆನಪಾಯಿತು.

"ಅಮ್ಮಾ, ಬೆಲ್ಟ್ ಎಳೆದ್ಯಾ?"

ಟಾರ್ಚಮ್ಮ ಪುಸ್ತಕದ ಮೇಲಿಂದ ಕಣ್ಣೆತ್ತಿದರು.

"ಈ ಕಾರಿಂದು. ಎಳೆದ್ಯಾ?"

ಟಾರ್ಚಮ್ಮ ಹತ್ತಿರ ಬಂದು, ಮಗಳ ಕೈಯಿಂದ ಬಕಲ್ ತೆಗೆದುಕೊಂಡು ನಿಧಾನವಾಗಿ ಎಳೆದರು. ಬೆಲ್ಟು ಬಂತು, ಬಂತು, ಇನ್ನೂ ಬಂತು, ಕೊನೆ ತಲುಪಿತು. ಗೆರೆಯಿಲ್ಲ. ಕೆಸರಿನ ಒಂದು ಚುಕ್ಕೆಯಿಲ್ಲ. ಉಳಿದ ಬೆಲ್ಟುಗಳನ್ನೂ ಎಳೆದರು. ಡಿಕ್ಕಿ ತೆರೆದು ಸ್ಟೆಪ್ನಿ ಎತ್ತಿದರು. ಅದರ ಗುಂಡಿಯಲ್ಲಿ ಒಣ ಧೂಳು, ಧೂಳಿನ ಮೇಲೆ ಒಂದು ಜೇಡ ತನ್ನ ಪೂರ್ತಿ ಸಂಸಾರದ ಸಮೇತ ನೆಮ್ಮದಿಯಾಗಿತ್ತು.

"ನೀರು ಬಂದಿದ್ರೆ ಇದು ಉಳೀತಿತ್ತಾ?" ಎಂದು ಟಾರ್ಚಮ್ಮ ತಮ್ಮನ್ನೇ ಕೇಳಿಕೊಂಡರು. "ಮತ್ತೆ ಆ ಒದ್ದೆ?"

"ಅದು ಪುಟ್ಟಿ ಸೋಪಮ್ಮ," ಎಂದಳು ಗುಬ್ಬಿ. "ಮಂಗಳವಾರ ಇಲಿ ಎಳ್ಕೊಂಡು ಹೋಗಿದ್ದು."

ಎಲ್ಲರ ಕಣ್ಣೂ ಬೇಲಿಯ ಕಡೆ ತಿರುಗಿದವು. ಬೇಲಿಯ ಬಳಿಯ ಇಲಿ ಲೋಟವನ್ನು ಕಂಬದ ಮೇಲಿಟ್ಟು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಿತು.

"ಹಿಂದಿನ ಸೀಟಿನ ಕೆಳಗೆ ಚಹಾ ಕಲೆ ಇತ್ತು!" ಮುಚ್ಚಿದ ಕೈಗಳ ಹಿಂದಿನಿಂದಲೇ ಅತ್ತೆ ಹೇಳಿದರು. "ಅಂಗೈಯಗಲ. ಇವರ ಟಾರ್ಚಿಗೆ ಬಾಚಣಿಗೇನೇ ತಪ್ಪಿಸ್ಕೊಳ್ಳಲಿಲ್ಲ, ಕಲೆ ತಪ್ಪಿಸ್ಕೊಳ್ಳುತ್ತಾ? ನನ್ನ ಮಗನ ಚೀಟಿ ಹೋಗುತ್ತೆ ಅಂತ ಹೆದರಿ, ಎರಡು ಮಧ್ಯಾಹ್ನ ವಾಕಿಂಗು ಅಂತ ಹೇಳಿ ಬಂದು ಉಜ್ಜಿದೆ. ನೊರೆ ಹೋಗ್ಲೇ ಇಲ್ಲ. ನಾಲ್ಕು ಬಕೆಟ್ ನೀರು ಹುಯ್ದೆ."

"ನಾಲ್ಕು ಬಕೆಟ್ಟಾ! ಕಾರೊಳಗೆ?" ಎಂದ ಮಗ.

"ಆಮೇಲೆ ಒದ್ದೆ ಕಾಣಬಾರ್ದು ಅಂತ ನೀನು ತಂದಿಟ್ಟಿದ್ದ ಹೊಸ ಮ್ಯಾಟ್ ಹಾಕ್ದೆ."

"ಬೀಗಿತ್ತಿ," ಎಂದರು ಟಾರ್ಚಮ್ಮ, ಧ್ವನಿ ಏಕೋ ನಡುಗುತ್ತಿತ್ತು, "ಪಳಗಿದ ಕಳ್ಳರೂ ಇದನ್ನೇ ಮಾಡೋದು. ಮೊದಲು ಮ್ಯಾಟು."

"ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡ್ಬಿಟ್ಯಲ್ಲಮ್ಮಾ!" ಮಗ ತಲೆಯ ಮೇಲೆ ಕೈ ಹೊತ್ತ. "ಅಲ್ಲ, ಅಷ್ಟು ಸಂದೀಲೆಲ್ಲ ಹೇಗೆ ಉಜ್ಜಿದೆ?"

"ಹಲ್ಲುಜ್ಜೋ ಬ್ರಷ್ಷಲ್ಲಿ."

"ಯಾವ ಬ್ರಷ್?"

"ಅದೇ, ನೀಲಿದು. ಚೆನ್ನಾಗಿ ತೊಳೆದು ವಾಪಸ್ ಇಟ್ಟಿದ್ದೀನಪ್ಪ."

"ಅಮ್ಮಾ! ಇವತ್ತು ಬೆಳಿಗ್ಗೆ ನಾನು ಅದ್ರಲ್ಲೇ ಹಲ್ಲುಜ್ಜಿದ್ದು!"

ಅವನು ನಲ್ಲಿಯ ಕಡೆ ಓಡಿದ. ಟಾರ್ಚಮ್ಮನ ಧ್ವನಿ ನಡುಗುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು. ಅವರು ನೀಲಿ ಕಾರಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗತೊಡಗಿದರು. ಅತ್ತೆ ಬೆರಳ ಸಂದಿಯಿಂದ ಇಣುಕಿ ನೋಡಿದರು, ನಗುತ್ತಿರುವುದು ಖಾತ್ರಿಯಾದ ಮೇಲೆ ಕೈ ತೆಗೆದರು. ಏನೆಂದು ಗೊತ್ತಿಲ್ಲದೆ ಪುಟ್ಟಿಯೂ ಆರು ಹಲ್ಲು ತೋರಿಸಿದಳು.

ಗುಬ್ಬಿಗೆ ಮಾತ್ರ ಪೂರ್ತಿ ನಗು ಬರಲಿಲ್ಲ. ಅವಳ ಕಣ್ಣು ಪುಸ್ತಕದ ಮೇಲಿತ್ತು. ಕೆಂಪು ಶಾಯಿ ಒಣಗಿತ್ತು. ಹನ್ನೊಂದು ವರ್ಷದಲ್ಲಿ ಅಮ್ಮ ಒಂದು ಗೆರೆಯನ್ನೂ ಹೊಡೆದುಹಾಕಿದವರಲ್ಲ.

ನಗು ನಿಂತ ಮೇಲೆ ಟಾರ್ಚಮ್ಮನೂ ಅದನ್ನೇ ನೋಡುತ್ತಿದ್ದರು.

"ನಾಲ್ಕು ಕಾರಿಗೂ ಬೆಲ್ಟ್ ಎಳೆದೆ," ಎಂದರು ಮೆಲ್ಲಗೆ, ಮಗಳಿಗೆ ಮಾತ್ರ ಕೇಳುವಂತೆ. "ಹಸಿರು ಹಾಕ್ತಾ ಹಾಕ್ತಾ ಭಯ ಆಗ್ತಿತ್ತು ಕಣೇ ಗುಬ್ಬಿ, ನಿನ್ನ ಮುಖ ನೋಡಿ ಹಾಕ್ತಿದ್ದೀನೇನೋ ಅಂತ. ಇಲ್ಲಿ ನೀರು ಕೈಗೆ ಹತ್ತಿದ್ದೇ ತಡ, ಒಳಗೊಳಗೇ ಸಮಾಧಾನ ಆಯ್ತು. ನಾನು ಪಕ್ಷಪಾತಿ ಅಲ್ಲ ಅಂತ. ಆ ಖುಷೀಲಿ ಬೆಲ್ಟೇ ಮರೆತೆ."

ಭಯದಲ್ಲಿ ಅಮ್ಮನೂ ತನ್ನ ಹಾಗೇ ಎಂದು ಗುಬ್ಬಿಗೆ ಮೂವತ್ತು ವರ್ಷದಲ್ಲಿ ಮೊದಲ ಸಲ ಗೊತ್ತಾದದ್ದು. ಅದೇಕೋ ತುಂಬ ಸಂತೋಷವಾಯಿತು.

ಟಾರ್ಚಮ್ಮ ಬಾನೆಟ್ಟಿನ ಮೇಲೆ ಪುಸ್ತಕ ಹರಡಿ, ಕೆಂಪು ಗೆರೆಯ ಮೇಲೆ ಇನ್ನೊಂದು ಕೆಂಪು ಗೆರೆ ಎಳೆದರು. ಕೆಳಗೆ ದುಂಡಗಿನ ಅಕ್ಷರದಲ್ಲಿ ಬರೆದರು: 'ಪರೀಕ್ಷಕರ ತಪ್ಪು. ಬೆಲ್ಟ್ ಎಳೆಯದೆ ಬರೆದದ್ದು.' ಸಹಿ ಹಾಕಿದರು. ಅಳಿಯನ ಮುಖ ಅರಳುವಷ್ಟರಲ್ಲಿ ಮತ್ತೊಂದು ಸಾಲು: 'ಹಾಸು ಒದ್ದೆ. ಕಲೆ ಇದ್ದರೆ ಕಲೆ ಇದೆ ಎಂದು ಬರೆದು ಅಂಟಿಸಬೇಕು. ಒಣಗಿದ ಮೇಲೆ ಐದೂ ಕಾರು ಮೊದಲಿಂದ ಮರುಪರೀಕ್ಷೆ. ಶನಿವಾರ.'

"ಐದೂನಾ ಅತ್ತೆ?" ನಲ್ಲಿಯಿಂದ ಬಂದ ಅಳಿಯ ಬಾಯಿ ಒರೆಸಿಕೊಳ್ಳುತ್ತ ಕೇಳಿದ.

"ಒಂದರಲ್ಲಿ ಮರೆತೋಳು ಇನ್ನೊಂದರಲ್ಲಿ ಮರೆತಿಲ್ಲ ಅಂತ ಏನು ಗ್ಯಾರಂಟಿ?" ಪುಸ್ತಕ ಮುಚ್ಚಿ, ಪೆನ್ನು ಜೇಬಿಗಿಟ್ಟು, ಅವರು ಎರಡೂ ಕೈ ಚಾಚಿದರು. "ಇವತ್ತಿನ ಕೆಲಸ ಮುಗೀತು. ಕೊಡೇ ನನ್ನ ಬಂಗಾರಾನ."

ಅಂದು ಮಧ್ಯಾಹ್ನ ಸೀಟುಗಳನ್ನು ಬಿಚ್ಚಿ, ಹಾಸನ್ನು ಅದರಡಿಯ ದಪ್ಪ ಪದರದ ಸಮೇತ ಎಳೆದು ಬೇಲಿಯ ಮೇಲೆ ಹರಡಿದರು. ಒಂದು ತುದಿ ಟಾರ್ಚಮ್ಮ, ಇನ್ನೊಂದು ತುದಿ ಬೀಗಿತ್ತಿ, ಹಿಂಡಿದ್ದೇ ಹಿಂಡಿದ್ದು.

"ಸ್ವಲ್ಪ ಜೋರಾಗಿ ತಿರುಚಿ ಬೀಗಿತ್ತಿ. ನಾಲ್ಕು ಬಕೆಟ್ ಹುಯ್ದಾಗ ಇದ್ದ ಶಕ್ತಿ ಎಲ್ಲಿ ಹೋಯ್ತು?"

"ನಿಮ್ಮ ಬಾಯಿ ಹಿಂಡಿದ್ರೆ ಇದಕ್ಕಿಂತ ಜಾಸ್ತಿ ಬರುತ್ತೆ."

"ಅಲ್ಲ, ನಿಜವಾಗ್ಲೂ ಕೇಳ್ತೀನಿ, ಆ ಕಲೆ ಎಲ್ಲಿ? ನಂಗೆ ಕಾಣ್ತಾನೇ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ಚಹಾ ಕಲೇನೂ ಪೂರ್ತಿ ತೆಗೆದವಳಲ್ಲ."

ಅತ್ತೆ ಒಂದು ಕ್ಷಣ ಹಿಂಡುವುದನ್ನು ನಿಲ್ಲಿಸಿದರು. ಬಾಚಣಿಗೆಯ ಸಾಲ ಅಲ್ಲಿಗೆ ತೀರಿತು. "ಸೋಪು ಒಳ್ಳೇದು," ಎಂದರು ಬಿಂಕದಿಂದ. "ನಮ್ಮ ಗುಬ್ಬಿ ಏಳು ಬಿಟ್ಟು ಎಂಟನೇದು ಆರಿಸಿದ್ದು."

ಎರಡು ದಿನ ಬಿಸಿಲು ಚೆನ್ನಾಗಿ ಕಾಯಿತು. ಬೀದಿಯಲ್ಲಿ ಹೋಗುವವರೆಲ್ಲ ಬೇಲಿಯ ಮೇಲಿನ ಹಾಸನ್ನು ನೋಡಿ, "ಏನಪ್ಪ, ಕಾರಿಗೂ ಸ್ನಾನವಾ?" ಎಂದು ಕೇಳುತ್ತ ಹೋದರು. ಶನಿವಾರ ಟಾರ್ಚಮ್ಮ ಮತ್ತೆ ಬಸ್ಸಿನಲ್ಲೇ ಬಂದರು. ಚಹಾ ಮುಟ್ಟಲಿಲ್ಲ, ಮಗುವನ್ನು ಎತ್ತಲಿಲ್ಲ. ಈ ಸಲ ಗುಬ್ಬಿಗೆ ಸಿಟ್ಟು ಬರಲಿಲ್ಲ. ಐದು ಕಾರು, ಇಪ್ಪತ್ತೈದು ಬೆಲ್ಟು, ಪ್ರತಿಯೊಂದೂ ಕೊನೆಯವರೆಗೆ. ನೀಲಿ ಕಾರಿನ ಹಾಸಿನ ಮೇಲೆ ಅಂಗೈಯಲ್ಲ, ಕೆನ್ನೆಯನ್ನೇ ಒತ್ತಿ ನೋಡಿದರು. ಐದು ಹಸಿರು ಗುರುತು.

ಚೀಟಿಯನ್ನು ಅವರು ಅಳಿಯನ ಕೈಗೆ ಕೊಡಲಿಲ್ಲ. "ಬೀಗಿತ್ತಿ, ನೀವೇ ಅಂಟಿಸಿ. ದುಡಿದೋರು ನೀವು."

ಅತ್ತೆ ಉಸಿರು ಬಿಗಿಹಿಡಿದು ಬಾಗಿಲ ಗಾಜಿಗೆ ಅಂಟಿಸಿದರು. ಸೊಟ್ಟಗಾಯಿತು.

"ಅಮ್ಮಾ, ಸೊಟ್ಟ ಆಯ್ತು. ತೆಗೆದು..."

"ಮುಟ್ಟಬೇಡಿ ಅಳಿಯಂದ್ರೆ," ಎಂದು ಟಾರ್ಚಮ್ಮ ಅದರ ಮೇಲೆ ಬೆಳಕು ಬಿಟ್ಟು ನೋಡಿದರು. "ನೆಟ್ಟಗೆ ಮಾಡೋಕೆ ಹೋದ್ರೆ ಇವರು ಸೋಪು ತರ್ತಾರೆ."

ಆ ಗದ್ದಲದಲ್ಲಿ ಗುಬ್ಬಿ ಮಗುವಿನ ಸೀಟನ್ನು ತಂದು ನೀಲಿ ಕಾರಿನ ಹಿಂದಿನ ಸೀಟಿಗೆ ಬಿಗಿದಳು. ಗಂಡ ಬಾಯಿ ತೆರೆದು ನಿಂತ. ಹಳೆ ಕಾರಿನಲ್ಲಿ ಮಗುವನ್ನು ಕೂರಿಸಲು ಇದುವರೆಗೂ ಅವಳು ಒಪ್ಪಿರಲಿಲ್ಲ. ಗಂಡನ ಅಂಗಡಿಯೇ ಹಳೆ ಕಾರಿನದಾದರೂ.

"ಬೀದಿ ಕೊನೇವರೆಗೆ ಮಾತ್ರ," ಎಂದಳು. "ನಿಧಾನಕ್ಕೆ. ರೀ, ಬ್ರೇಕ್ ನೋಡಿದ್ದೀರಲ್ಲ?"

ಪುಟ್ಟಿಯನ್ನು ಕೂರಿಸಿ, ತಾನು ಪಕ್ಕದಲ್ಲಿ ಕೂತು, ಬೆಲ್ಟನ್ನು ಹಾಕಿಕೊಳ್ಳುವ ಮೊದಲು ಕೊನೆಯವರೆಗೂ ಎಳೆದು ನೋಡಿ, ಕೈಬಿಟ್ಟಳು. ಅದು ಸರ್ರನೆ ಒಳಗೆ ಓಡಿತು. ಆ ಸದ್ದಿಗೆ ಪುಟ್ಟಿ ಕೇಕೆ ಹಾಕಿ ನಕ್ಕಳು, ಇನ್ನೊಮ್ಮೆ ಎಂಬಂತೆ ಬೆಲ್ಟಿನ ಕಡೆ ಕೈ ತೋರಿಸಿದಳು. ಗುಬ್ಬಿ ಇನ್ನೊಮ್ಮೆ ಎಳೆದಳು.